ಚಕ್ರದ ಮೇಲೊಂದು ಆಫೀಸು: ಓಡುವಾಗ ಕೆಲಸವೋ, ನಿಂತ ಮೇಲೆ ಕೆಲಸವೋ?

2021ರ ಜನವರಿಯಲ್ಲಿ ನಿಸ್ಸಾನ್ ಕಂಪನಿ ಒಂದು ವ್ಯಾನ್ ತೋರಿಸಿತು. ಹೆಸರು ಎನ್‌ವಿ350 ಕ್ಯಾರವಾನ್ ಆಫೀಸ್ ಪಾಡ್. ಹಿಂದಿನ ಬಾಗಿಲು ಮೇಲೆ ಎದ್ದರೆ ಒಳಗಿನಿಂದ ಒಂದು ಪುಟ್ಟ ಕೋಣೆಯೇ ಜಾರಿಕೊಂಡು ಹೊರಗೆ ಬರುತ್ತದೆ. ಅದರಲ್ಲಿ ಮೇಜು, ಕಂಪ್ಯೂಟರ್, ಬೆನ್ನಿಗೆ ಹಿತವಾದ ಹರ್ಮನ್ ಮಿಲ್ಲರ್ ಕುರ್ಚಿ. ಕೆಲಸ ಸಾಕಾದರೆ ಚಾವಣಿ ಹತ್ತಿ ಕೂರಲೂ ಜಾಗವಿದೆ. ಆಗ ಕೋವಿಡ್ ಕಾಲ. ಮನೆಯಲ್ಲೇ ಕೂತು ಬೇಸತ್ತಿದ್ದವರಿಗೆ ಆ ಫೋಟೋಗಳು ತುಂಬಾ ಹಿಡಿಸಿದವು.

ಅದಕ್ಕೂ ಮೂರು ವರ್ಷ ಮೊದಲು, 2018ರಲ್ಲಿ, ಟೊಯೋಟಾ ಇ-ಪ್ಯಾಲೆಟ್ ಎಂಬ ಪೆಟ್ಟಿಗೆ ಆಕಾರದ ಗಾಡಿ ತೋರಿಸಿತ್ತು. ಇಂದು ಅಂಗಡಿ, ನಾಳೆ ಕ್ಲಿನಿಕ್, ನಾಡಿದ್ದು ಆಫೀಸು, ಹೇಗೆ ಬೇಕಾದರೂ ಬಳಸಬಹುದು ಎಂದಿತ್ತು. ಅದೇ ವರ್ಷ ವೋಲ್ವೋ 360ಸಿ ಎಂಬ ಮಾದರಿ ತೋರಿಸಿ, ಸ್ಟೀರಿಂಗ್ ಇಲ್ಲದ ಕಾರಿನೊಳಗೆ ಮೀಟಿಂಗ್ ನಡೆಸುವ ಚಿತ್ರ ಮುಂದಿಟ್ಟಿತು. 2023ರಲ್ಲಿ ನಮ್ಮ ಬೆಂಗಳೂರಿನ ಮೈನಸ್ ಝೀರೋ ಎಂಬ ಸ್ಟಾರ್ಟಪ್ ಕೂಡ ಸ್ಟೀರಿಂಗ್ ಇಲ್ಲದ, ಎದುರುಬದುರು ಕೂರುವ ಝಡ್‌ಪಾಡ್ ಎಂಬ ಗಾಡಿಯನ್ನು ಹೊರತಂದಿತು.

ಇವನ್ನೆಲ್ಲ ನಾವು 'ಚಕ್ರದ ಮೇಲಿನ ಆಫೀಸು' ಎಂದು ಒಂದೇ ಹೆಸರಲ್ಲಿ ಕರೆಯುತ್ತೇವೆ. ಆದರೆ ಇದರಲ್ಲಿ ಎರಡು ಬೇರೆಬೇರೆ ಆಸೆಗಳಿವೆ. ಒಂದು, ಗಾಡಿ ಓಡುತ್ತಿರುವಾಗಲೇ ಒಳಗೆ ಕೆಲಸ ಮಾಡಬೇಕು. ಇನ್ನೊಂದು, ಗಾಡಿಯಲ್ಲಿ ಒಂದು ಕಡೆಗೆ ಹೋಗಿ, ನಿಲ್ಲಿಸಿ, ಅಲ್ಲಿ ಆಫೀಸು ತೆರೆಯಬೇಕು. ನಿಸ್ಸಾನ್ ಗಾಡಿಯನ್ನು ಇನ್ನೊಮ್ಮೆ ನೋಡಿ. ಅದರ ಕೋಣೆ ಹೊರಗೆ ಬರುವುದು ಗಾಡಿ ನಿಂತ ಮೇಲೆಯೇ. ಈ ಎರಡನ್ನೂ ಬೇರೆ ಮಾಡಿ ನೋಡಿದರೆ ಯಾವುದು ಆಗುವ ಕೆಲಸ, ಯಾವುದು ಆಗದ ಕೆಲಸ ಎಂಬುದು ಬೇಗ ತಿಳಿಯುತ್ತದೆ.

ಓಡುವ ಗಾಡಿಯಲ್ಲಿ ಕೆಲಸ

ಇದಕ್ಕೆ ಇರುವ ಒಂದೇ ಅಡ್ಡಿ ಡ್ರೈವಿಂಗ್, ಕಾರು ತಾನೇ ಓಡಿದರೆ ನಮ್ಮ ಕೈ ಖಾಲಿ, ಆಮೇಲೆ ಕೆಲಸ ಸಲೀಸು ಎಂದು ಬಹಳ ಜನ ನಂಬಿದ್ದಾರೆ. ತಾನೇ ಓಡುವ ಕಾರು ಸುಳ್ಳೇನೂ ಅಲ್ಲ. ಅಮೆರಿಕದ ಫೀನಿಕ್ಸ್ ನಗರದ ಆಸುಪಾಸಿನಲ್ಲಿ 2020ರಿಂದಲೇ ವೇಮೋ ಕಂಪನಿಯ ಚಾಲಕನಿಲ್ಲದ ಟ್ಯಾಕ್ಸಿ ಜನರನ್ನು ಕೂರಿಸಿಕೊಂಡು ಓಡುತ್ತಿದೆ. ಜರ್ಮನಿಯಲ್ಲಿ 2021ರ ಕೊನೆಯಲ್ಲಿ ಮರ್ಸಿಡಿಸ್‌ನ ಕೆಲವು ಕಾರುಗಳಲ್ಲಿ, ಹೆದ್ದಾರಿಯ ನಿಧಾನ ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್‌ನಿಂದ ಕೈ ತೆಗೆದು ಬೇರೆ ಕಡೆ ಗಮನ ಕೊಡಲು ಅನುಮತಿ ಸಿಕ್ಕಿತು. ಗಾಡಿ ಕರೆದ ಕೂಡಲೇ ಮತ್ತೆ ಸ್ಟೀರಿಂಗ್ ಹಿಡಿಯಬೇಕು ಎಂಬ ಷರತ್ತಿನ ಮೇಲೆ.

ಆದರೆ ನಮ್ಮ ದೇಶದಲ್ಲಿ ಒಂದು ಮಾತು ಗಮನಿಸಬೇಕು. ಹಿಂದಿನ ಸೀಟಿನಲ್ಲಿ ಕೂತವರಿಗೆ ಕಾರು ಯಾವಾಗಲೋ 'ತಾನೇ ಓಡುವ' ಕಾರಾಗಿದೆ. ಡ್ರೈವರ್ ಇದ್ದಾರೆ, ಕಂಪನಿ ಕ್ಯಾಬ್ ಇದೆ, ಓಲಾ ಊಬರ್ ಇದೆ. ಹೊರವರ್ತುಲ ರಸ್ತೆಯಲ್ಲಿ ಬೆಳಿಗ್ಗೆ ಕ್ಯಾಬ್‌ಗಳ ಒಳಗೆ ಇಣುಕಿದರೆ ಏನು ಕಾಣುತ್ತದೆ? ಫೋನಿನಲ್ಲಿ ಮಾತು, ನಾಲ್ಕು ಮೆಸೇಜು, ನಿದ್ದೆ. ಲ್ಯಾಪ್‌ಟಾಪ್ ತೆರೆದು ಎರಡು ಗಂಟೆ ಕೋಡ್ ಬರೆಯುವವರು, ಲೆಕ್ಕಪತ್ರ ನೋಡುವವರು ಬಹಳ ಕಡಿಮೆ. ಕ್ಯಾಬಿನಲ್ಲಿ ಕೂತ ಎಲ್ಲರ ಕೈಯೂ ಖಾಲಿಯೇ ಇದೆ. ಹಾಗಾದರೆ ತಡೆಯುತ್ತಿರುವುದು ಏನು?

ಮೊದಲನೆಯದಾಗಿ ನಮ್ಮ ಕಿವಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಎಂಬುದನ್ನು ಅವು ಮೆದುಳಿಗೆ ತಿಳಿಸುತ್ತವೆ. ಪಕ್ಕದಲ್ಲೇ ಎರಡು ಚಿಕ್ಕ ಚೀಲಗಳಿವೆ. ವೇಗ ಹೆಚ್ಚಿತೇ, ಕಡಿಮೆಯಾಯಿತೇ, ಮೇಲೆ ಹಾರಿತೇ, ಕೆಳಗೆ ಇಳಿಯಿತೇ ಎಂಬುದು ಅವುಗಳಿಂದ ಗೊತ್ತಾಗುತ್ತದೆ. ಕಣ್ಣು ಕಿಟಕಿಯ ಹೊರಗೆ ಇದ್ದರೆ ಕಣ್ಣಿನ ವರದಿ, ಕಿವಿಯ ವರದಿ ಎರಡೂ ತಾಳೆಯಾಗುತ್ತವೆ. ಕಣ್ಣು ಪರದೆಯ ಮೇಲಿದ್ದರೆ? 'ನಾವು ಅಲುಗಾಡದೆ ಕೂತಿದ್ದೇವೆ' ಎನ್ನುತ್ತದೆ ಕಣ್ಣು. 'ಈಗ ಎಡಕ್ಕೆ ತಿರುಗಿದೆವು, ಈಗ ಬ್ರೇಕ್ ಬಿತ್ತು' ಎನ್ನುತ್ತದೆ ಕಿವಿ. ಈ ಜಗಳದಿಂದಲೇ ಬೆವರು, ತಲೆಭಾರ, ವಾಕರಿಕೆ. ಚಾರ್ಮಾಡಿ ಘಾಟಿಯಲ್ಲೋ ಆಗುಂಬೆ ತಿರುವುಗಳಲ್ಲೋ ಬಸ್ಸಿನಲ್ಲಿ ಪುಸ್ತಕ ಓದಲು ಹೋದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಡ್ರೈವರ್‌ಗೆ ಇದು ಬರುವುದು ಅಪರೂಪ. ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು, ಮೆದುಳು ತಯಾರಾಗಿರುತ್ತದೆ. ಕಾರು ತಾನೇ ಓಡತೊಡಗಿದರೆ ಈ ಅನುಕೂಲವನ್ನು ಎಲ್ಲರೂ ಕಳೆದುಕೊಳ್ಳುತ್ತಾರೆ. ಅಂದರೆ ಸ್ವಯಂಚಾಲನೆ ಈ ತೊಂದರೆಯನ್ನು ಕಡಿಮೆ ಮಾಡುವ ಬದಲು ಇನ್ನೂ ಹೆಚ್ಚು ಜನಕ್ಕೆ ಹಂಚುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದು ಅಂದಾಜು ಕೊಟ್ಟರು. ಪೂರ್ತಿ ಸ್ವಯಂಚಾಲಿತ ಕಾರಿನಲ್ಲಿ ಕೂತರೆ ಅಮೆರಿಕದ ವಯಸ್ಕರಲ್ಲಿ ಶೇಕಡಾ 6ರಿಂದ 10ರಷ್ಟು ಜನಕ್ಕೆ ಪದೇಪದೇ ಅಥವಾ ಯಾವಾಗಲೂ ಸ್ವಲ್ಪವಾದರೂ ವಾಕರಿಕೆ ಕಾಡಬಹುದು ಎಂದು. ಅದೂ ಅಮೆರಿಕದ ರಸ್ತೆಗಳಲ್ಲಿ.

ನಮ್ಮ ರಸ್ತೆಗಳ ಕಥೆ ಇನ್ನೂ ಕಷ್ಟ, ಅದಕ್ಕೆ ಕಾರಣವೂ ಇದೆ. ಮನುಷ್ಯನಿಗೆ ಅತಿ ಹೆಚ್ಚು ವಾಕರಿಕೆ ತರುವುದು ನಿಧಾನದ ಓಲಾಟ, ಸುಮಾರು 5 ಸೆಕೆಂಡಿಗೊಮ್ಮೆ ಬರುವಂಥದ್ದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಕಡೆ ಸಂಜೆ ಹೋಗುವ ಕಾರು ಏನು ಮಾಡುತ್ತದೆ? ಸ್ವಲ್ಪ ಮುಂದೆ, ಬ್ರೇಕ್, ಸ್ವಲ್ಪ ಮುಂದೆ, ಬ್ರೇಕ್, ಮಧ್ಯೆ ಒಂದು ಹಂಪ್. ಹೆಚ್ಚುಕಡಿಮೆ ಅದೇ ಲಯ. ಇನ್ನು ಬೆನ್ನು, ಹೊಟ್ಟೆಗೆ ಜಾಸ್ತಿ ತಟ್ಟುವುದು ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ಅಲುಗಾಟ. ಗುಂಡಿ ಬಿದ್ದ ರಸ್ತೆಯಲ್ಲಿ ವ್ಯಾನಿನ ಸೀಟು ಕೊಡುವ ನಡುಕದಲ್ಲಿ ಇದೂ ಸೇರಿರುತ್ತದೆ. ಬೆರಳು ಒಂದು ಕೀ ಒತ್ತಲು ಹೋಗಿ ಇನ್ನೊಂದನ್ನು ಒತ್ತುತ್ತದೆ.

ಇದಕ್ಕೆ ಪರಿಹಾರ ಹುಡುಕುವವರೂ ಇದ್ದಾರೆ. 2024ರಲ್ಲಿ ಆಪಲ್ ತನ್ನ ಐಫೋನ್‌ಗಳಲ್ಲಿ ಒಂದು ಸೌಲಭ್ಯ ಕೊಟ್ಟಿತು. ಪರದೆಯ ಅಂಚಿನಲ್ಲಿ ಚುಕ್ಕೆಗಳು ಮೂಡಿ, ಗಾಡಿ ತಿರುಗಿದಂತೆ ಸರಿದಾಡುತ್ತವೆ. ಕಣ್ಣಿಗೂ ಚಲನೆಯ ಸುದ್ದಿ ಮುಟ್ಟಿಸುವ ಉಪಾಯ ಇದು. ಜಾಣತನದ ಯೋಚನೆ, ಕೆಲವರಿಗೆ ಕೆಲಸಕ್ಕೂ ಬರುತ್ತದೆ. ಆದರೆ ಒಂದು ಮೆಸೇಜು ಓದುವುದು ಬೇರೆ, ಎಂಟು ಗಂಟೆ ದುಡಿಯುವುದು ಬೇರೆ.

ಎರಡನೆಯದು ಜೀವದ ಪ್ರಶ್ನೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಗುದ್ದಿ ತಟ್ಟನೆ ನಿಂತಿತು ಎಂದುಕೊಳ್ಳಿ. ಬೆಲ್ಟ್ ನಿಮ್ಮನ್ನು ಹಿಡಿಯುತ್ತದೆ. ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಯಾರು ಹಿಡಿಯುತ್ತಾರೆ? ಅದು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಆಗ ಅದರ ಹೊಡೆತ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ತಲೆ ಮೇಲೆ ಬಿದ್ದಷ್ಟೇ ಇರುತ್ತದೆ. ಕಾಫಿ ಯಂತ್ರ, ಮಾನಿಟರ್, ಫೈಲು ತುಂಬಿದ ಪೆಟ್ಟಿಗೆಗೂ ಇದೇ ಲೆಕ್ಕ. ಗೋಡೆಗೆ ಬೆನ್ನು ಕೊಟ್ಟು ಅಡ್ಡಕ್ಕೆ ಕೂರುವ ಸೋಫಾ ಚಿತ್ರದಲ್ಲಿ ಚೆಂದ. ಆದರೆ ಮುಂದಿನಿಂದ ಗುದ್ದಿದಾಗ ಪಕ್ಕಕ್ಕೆ ಬಾಗುವ ಕುತ್ತಿಗೆಗೆ ಅಲ್ಲಿ ಆಸರೆ ಇಲ್ಲ. ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿ ಮೇಜು ಇಟ್ಟರೆ ಏರ್‌ಬ್ಯಾಗೇ ಅಪಾಯ. ಹೀಗಾಗಿ ಸುರಕ್ಷಿತವಾದ ಗಾಡಿ ಮಾಡಲು ಹೊರಟರೆ ಮೇಜು ಚಿಕ್ಕದಾಗುತ್ತದೆ, ಸೀಟು ಮುಂದಕ್ಕೆ ತಿರುಗುತ್ತದೆ, ಎಲ್ಲವನ್ನೂ ಬಿಗಿಯಾಗಿ ಕಟ್ಟಬೇಕಾಗುತ್ತದೆ. ಕೊನೆಗೆ ಅದು ಒಳ್ಳೆಯ ಬಸ್ಸಿನ ಸೀಟಿನಂತೆಯೇ ಆಗುತ್ತದೆ.

ಹಳಿಯ ಮೇಲೆ ಇದು ಯಾವಾಗಲೋ ಆಗಿದೆ

ಓಡುವ ಆಫೀಸು ಎಲ್ಲಿಯೂ ಆಗುವುದಿಲ್ಲ ಎಂದು ಹೇಳುತ್ತಿಲ್ಲ. ರೈಲಿನಲ್ಲಿ ಆಗಿದೆ, ಬಹಳ ಹಿಂದೆಯೇ. ನಮ್ಮ ಆರ್‌ಎಂಎಸ್ ಅಂದರೆ ರೈಲ್ವೆ ಮೇಲ್ ಸರ್ವಿಸ್ ಮಾಡುತ್ತಿದ್ದುದು ಇದನ್ನೇ. 1863ರಲ್ಲಿ ಅಲಹಾಬಾದ್ ಮತ್ತು ಕಾನ್ಪುರದ ಮಧ್ಯೆ ಓಡುವ ರೈಲಿನಲ್ಲಿ ಕಾಗದ ವಿಂಗಡಿಸುವ ಕೆಲಸ ಶುರುವಾಯಿತು. ಸಾಲುಸಾಲು ಗೂಡುಗಳ ಮುಂದೆ ನೌಕರರು ನಿಂತು, ಒಂದೊಂದೇ ಕಾಗದದ ವಿಳಾಸ ನೋಡಿ ಸರಿಯಾದ ಗೂಡಿಗೆ ಹಾಕುತ್ತಿದ್ದರು. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಆ ಊರಿನ ಚೀಲ ತಯಾರು. ಬ್ರಿಟನ್ನಿನಲ್ಲಿ 1838ರಲ್ಲಿ ಆರಂಭವಾದ ಇಂಥ ಸೇವೆ 2004ರ ಜನವರಿವರೆಗೂ ನಡೆಯಿತು. ಒಂದೂವರೆ ಶತಮಾನಕ್ಕಿಂತ ಜಾಸ್ತಿ ಬಾಳಿದ ಓಡುವ ಆಫೀಸು!

ಅದು ಅಷ್ಟು ಕಾಲ ಉಳಿಯಲು ಕಾರಣ ಸ್ಪಷ್ಟವಾಗಿದೆ. ಕಾಗದಗಳು ಹೇಗೂ ಊರಿಂದ ಊರಿಗೆ ಹೋಗಲೇಬೇಕು. ಪ್ರಯಾಣವೂ ಕೆಲಸದ ಭಾಗವೇ ಆಗಿತ್ತು. ರೈಲಿಗೆ ಹಂಪ್ ಇಲ್ಲ, ತಟ್ಟನೆ ಬ್ರೇಕ್ ಇಲ್ಲ, ತಿರುವುಗಳು ಬಲು ದೊಡ್ಡವು. ಜಪಾನಿನ ಟೋಕಿಯೋ–ಒಸಾಕಾ ಶಿಂಕಾನ್ಸೆನ್ (ಬುಲೆಟ್ ರೈಲು) ಹಳಿಯಲ್ಲಿ ಸಾಮಾನ್ಯವಾಗಿ ತಿರುವಿನ ತ್ರಿಜ್ಯ 2,500 ಮೀಟರ್‌ಗಿಂತ ಕಡಿಮೆ ಇರಬಾರದು ಎಂದು ಕಟ್ಟುವಾಗಲೇ ನಿಯಮ ಇಟ್ಟುಕೊಂಡಿದ್ದರು. 2021ರಲ್ಲಿ ಅದೇ ಮಾರ್ಗದ ನೊಜೋಮಿ ರೈಲುಗಳಲ್ಲಿ ಕೆಲಸ ಮಾಡುವವರಿಗೆಂದೇ ಒಂದು ಬೋಗಿ ಮೀಸಲಿಟ್ಟರು. ಅಲ್ಲಿ ಸೀಟಿನಲ್ಲೇ ಕೂತು ಆನ್‌ಲೈನ್ ಮೀಟಿಂಗ್ ಮಾಡಬಹುದು, ಕೀಬೋರ್ಡ್ ಸದ್ದಿಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಭವಿಷ್ಯದ ಆಫೀಸು ನೋಡಬೇಕಾದರೆ ನಾನು ಯಾವ ಕಾರಿನ ಮಾದರಿಗಿಂತ ಮೊದಲು ಆ ಬೋಗಿಯನ್ನು ತೋರಿಸುತ್ತೇನೆ. ಬೆಂಗಳೂರಿನಿಂದ ಮೈಸೂರಿಗೋ ಚೆನ್ನೈಗೋ ವಂದೇ ಭಾರತ್‌ನಲ್ಲಿ ಹೋಗುವಾಗ ಸುತ್ತ ಎಷ್ಟು ಲ್ಯಾಪ್‌ಟಾಪ್ ತೆರೆದಿರುತ್ತವೆ, ಅದೇ ದಾರಿಯ ಕಾರುಗಳಲ್ಲಿ ಎಷ್ಟು ತೆರೆದಿರುತ್ತವೆ ಎಂದು ಹೋಲಿಸಿ ನೋಡಿ.

ನಿಂತ ಗಾಡಿಯ ಲೆಕ್ಕ

ಈಗ ಎರಡನೇ ಆಸೆಗೆ ಬರೋಣ. ಹೋಗಿ, ನಿಲ್ಲಿಸಿ, ಕೆಲಸ ಮಾಡುವುದು. ಇಲ್ಲಿ ವಾಕರಿಕೆ ಇಲ್ಲ, ಅಪಘಾತದ ಭಯ ಕಡಿಮೆ. ಇಲ್ಲಿ ಗೆಲ್ಲಬೇಕಾದದ್ದು ಬಿಸಿಲನ್ನು.

ಒಂದು ಉದ್ದನೆಯ ವ್ಯಾನ್ ತೆಗೆದುಕೊಳ್ಳಿ. ಒಳಗೆ ಎರಡು ಲ್ಯಾಪ್‌ಟಾಪ್, ಒಂದು ಮಾನಿಟರ್, ರೂಟರ್, ದೀಪ, ಫ್ಯಾನ್. ಎಲ್ಲ ಸೇರಿ ಸುಮಾರು 220 ವ್ಯಾಟ್. ಎಂಟು ಗಂಟೆಗೆ ಎರಡು ಯೂನಿಟ್ಟೂ ಆಗುವುದಿಲ್ಲ. ಏನೂ ಅಲ್ಲ. ಆದರೆ ಬಿಸಿಲಲ್ಲಿ ನಿಂತ ತಗಡಿನ ಡಬ್ಬವನ್ನು ತಂಪಾಗಿಡಲು ಏಸಿ ಬೇಕು. ಅದು ಸರಾಸರಿ 1,200 ವ್ಯಾಟ್ ಎಳೆದರೂ ಎಂಟು ಗಂಟೆಗೆ ಒಂಬತ್ತೂವರೆ ಯೂನಿಟ್. ಅಂದರೆ ಕೆಲಸಕ್ಕೆ ಬೇಕಾದದ್ದರ ಐದು ಪಟ್ಟು ಕರೆಂಟು ಬರೀ ತಂಪಿಗೆ!

ಮೇಲೆ ಸೋಲಾರ್ ಹಾಕಿದರಾಯಿತು ಅಲ್ವಾ? ವ್ಯಾನಿನ ಚಾವಣಿಯಲ್ಲಿ ಪ್ಯಾನೆಲ್‌ಗೆ ಸಿಗುವುದು 6 ಚದರ ಮೀಟರ್ ಆಸುಪಾಸು. ಅಷ್ಟರಲ್ಲಿ ಒಳ್ಳೆಯ ಬಿಸಿಲಿನ ದಿನ ನಾಲ್ಕೈದು ಯೂನಿಟ್ ಸಿಗಬಹುದು. ಲ್ಯಾಪ್‌ಟಾಪ್‌ಗಳಿಗೆ ಸಾಕು, ಏಸಿಗೆ ಹೆಚ್ಚೆಂದರೆ ಅರ್ಧದಷ್ಟು ಆದೀತು. ಇದರಲ್ಲಿ ಇನ್ನೊಂದು ತೊಡಕಿದೆ. ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿದರೆ ಪ್ಯಾನೆಲ್ ಸುಮ್ನೆ ಕೂರುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಏಸಿಯ ಹಸಿವು ಹೆಚ್ಚುತ್ತದೆ. ಹಾಗಾಗಿ ಬ್ಯಾಟರಿ ಬೇಕೇ ಬೇಕು. 11–12 ಯೂನಿಟ್ ಹಿಡಿಯುವ ಬ್ಯಾಟರಿ ಎಂದರೆ ಸುಮಾರು 100 ಕಿಲೋ ತೂಕ.

ಇಲ್ಲಿ ಎಲೆಕ್ಟ್ರಿಕ್ ವ್ಯಾನ್ ನಿಜವಾಗಿ ದಾರಿ ತೋರಿಸುತ್ತದೆ. ಓಡಲೆಂದೇ 70 ಯೂನಿಟ್ ಬ್ಯಾಟರಿ ಇರುವ ಗಾಡಿಗೆ ಇಡೀ ದಿನದ ಆಫೀಸು ಆರನೇ ಒಂದು ಭಾಗದಷ್ಟನ್ನೇ ಖರ್ಚು ಮಾಡುತ್ತದೆ. ಎಂಜಿನ್ ಸದ್ದಿಲ್ಲ, ಹೊಗೆಯಿಲ್ಲ. ನನ್ನ ಮಟ್ಟಿಗೆ ಚಕ್ರದ ಮೇಲಿನ ಆಫೀಸಿಗೆ ಜೀವ ಕೊಡುವ ತಂತ್ರಜ್ಞಾನ ಇದೇ. ಸ್ಟೀರಿಂಗ್ ಇಲ್ಲದ ಕಾರಿಗಿಂತ ಇದು ಸಪ್ಪೆಯಾಗಿ ಕಾಣುತ್ತದೆ, ಆದರೆ ಕೆಲಸಕ್ಕೆ ಬರುವುದು ಇದು. ಅಂದಹಾಗೆ, 2025ರಲ್ಲಿ ಟೊಯೋಟಾದ ಇ-ಪ್ಯಾಲೆಟ್ ಕೊನೆಗೂ ಮಾರಾಟಕ್ಕೆ ಬಂತು. ಬ್ಯಾಟರಿಯಲ್ಲಿ ಓಡುವ ಗಾಡಿ, ಡ್ರೈವರ್ ಸೀಟು ಇದ್ದೇ ಇದೆ.

ಡೀಸೆಲ್ ಗಾಡಿಯಲ್ಲಿ ಏಸಿಗಾಗಿ ಎಂಜಿನ್ ಅಥವಾ ಜನರೇಟರ್ ಓಡಿಸುತ್ತಲೇ ಇರುವವರಿಗೆ ಒಂದು ಎಚ್ಚರಿಕೆಯ ಮಾತು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತರು. ಜನರೇಟರ್ ಬಿಟ್ಟ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬರಬಹುದು, ಇಲ್ಲವೇ ನಿದ್ದೆ ಬಂದಂತೆ ಆಗಬಹುದು, ಅಷ್ಟೇ. ಇಂಥ ಗಾಡಿಯಲ್ಲಿ ಕೂತು ಕೆಲಸ ಮಾಡುವವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಕೂರಲೇಬಾರದು. ಮೇಜು ಕುರ್ಚಿ ಆರಿಸುವ ಮೊದಲು ಅದನ್ನು ಕೊಳ್ಳಿ.

ನೆಟ್‌ವರ್ಕ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನಿಂತ ಗಾಡಿಗೆ ಅದು ದೊಡ್ಡ ಸಮಸ್ಯೆಯಲ್ಲ, ಸಿಗ್ನಲ್ ಇರುವಲ್ಲಿ ನಿಲ್ಲಿಸಿದರಾಯಿತು. ಓಡುವಾಗ ಮಾತ್ರ ಒಂದು ಟವರ್‌ನಿಂದ ಇನ್ನೊಂದಕ್ಕೆ ಜಿಗಿಯುವಾಗ ಕೆಲವೊಮ್ಮೆ ಮಾತು ಕತ್ತರಿಸಬಹುದು. ಶೌಚಾಲಯ ಮಾತ್ರ ನಿಜವಾದ ಪ್ರಶ್ನೆ, ಅದರಲ್ಲೂ ಹೆಂಗಸರಿಗೆ. ಚಂದದ ಫೋಟೋಗಳಲ್ಲಿ ಅದು ಕಾಣುವುದಿಲ್ಲ. ವ್ಯಾನಿನೊಳಗೆ ಇಟ್ಟರೆ ಇರುವ ನೂರು ಚದರ ಅಡಿಯಲ್ಲಿ ಒಂದು ಮೂಲೆ ಹೋಗುತ್ತದೆ, ನೀರು ತುಂಬಿಸುವ ಮತ್ತು ತೊಟ್ಟಿ ಖಾಲಿ ಮಾಡುವ ಕೆಲಸ ದಿನವೂ ಬೀಳುತ್ತದೆ. ಇಡದಿದ್ದರೆ ಪೆಟ್ರೋಲ್ ಬಂಕ್ ಹುಡುಕಬೇಕು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಬರೆದಿರುವುದಕ್ಕಿಂತ ಬೇರೆಯಾಗುವಂತೆ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಗ್ಯಾರೇಜಿನಲ್ಲಿ ಸೀಟು ಕಿತ್ತು ಸೋಫಾ ಕೂರಿಸಿ ಹೊರಟರೆ ಆರ್‌ಟಿಓ ಕೇಳುತ್ತದೆ, ಅಪಘಾತವಾದರೆ ವಿಮೆಯವರೂ ಕೇಳುತ್ತಾರೆ. ಅನುಮೋದನೆ ಪಡೆದ ಕಂಪನಿಗಳಿಂದಲೇ ಗಾಡಿ ಕಟ್ಟಿಸುವುದು ಒಳ್ಳೆಯದು.

ದುಡ್ಡಿನ ಲೆಕ್ಕ ಹೀಗೆ. ಗಾಡಿ, ಒಳಗಿನ ಕೆಲಸ ಎಲ್ಲ ಸೇರಿ 30 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಶೇಕಡಾ 10ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 64 ಸಾವಿರ. ಡ್ರೈವರ್ ಸಂಬಳ, ವಿಮೆ, ಇಂಧನ, ಪಾರ್ಕಿಂಗ್ ಸೇರಿದರೆ ಒಂದು ಲಕ್ಷದ ಹತ್ತಿರ. ಒಳಗೆ ಮೂರು ಜನ ಕೂರಬಹುದು. ಅದೇ ದುಡ್ಡಿಗೆ ಬೆಂಗಳೂರಿನಲ್ಲಿ ಬಾಡಿಗೆಗೆ ಸೀಟು ಕೊಡುವ ಕೋ-ವರ್ಕಿಂಗ್ ಜಾಗದಲ್ಲಿ ಅದರ ಎರಡು ಮೂರು ಪಟ್ಟು ಜನಕ್ಕೆ ಸೀಟು ಸಿಗುತ್ತದೆ, ಶೌಚಾಲಯ, ಕಾಫಿ ಸಮೇತ. ಬರೀ ಕೂರುವ ಜಾಗಕ್ಕೆಂದು ವ್ಯಾನ್ ಕೊಂಡರೆ ಅದು ನಷ್ಟದ ವ್ಯವಹಾರ.

ಹಾಗಾದರೆ ಲಾಭ ಯಾವಾಗ? ಕೆಲಸವೇ ಬೇರೆಬೇರೆ ಊರಲ್ಲಿ ಇದ್ದಾಗ. ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಪಂದ್ಯದ ದಿನ ನಿಲ್ಲುವ, ಟಿವಿ ನೇರ ಪ್ರಸಾರದ ಓಬಿ ವ್ಯಾನ್‌ಗಳನ್ನು ನೋಡಿ. ಒಳಗೆ ಗೋಡೆ ತುಂಬ ಪರದೆಗಳು, ಯಾವ ಕ್ಯಾಮೆರಾ ತೋರಿಸಬೇಕು ಎಂದು ಆರಿಸುವವರು, ಧ್ವನಿ ನೋಡಿಕೊಳ್ಳುವವರು. ಪೂರ್ತಿ ಸಜ್ಜಾದ ಆಫೀಸು ಅದು. ಪಂದ್ಯ ಇಂದು ಇಲ್ಲಿ, ಮುಂದಿನ ವಾರ ಇನ್ನೊಂದು ಊರಲ್ಲಿ. ಹಾಗಾಗಿ ಚಕ್ರ ಬೇಕೇ ಬೇಕು. ಓಡುವಾಗ ಒಳಗೆ ಯಾರೂ ಕೆಲಸ ಮಾಡುವುದಿಲ್ಲ. ನಿಂತ ಮೇಲೆ ಕೇಬಲ್ ಎಳೆಯುತ್ತಾರೆ, ಜನರೇಟರ್ ದೂರದಲ್ಲಿ ಇಡುತ್ತಾರೆ. ರಕ್ತದಾನದ ಬಸ್ಸು, ಹಳ್ಳಿಗೆ ಹೋಗುವ ಬ್ಯಾಂಕಿನ ವ್ಯಾನು ಎಲ್ಲ ಇದೇ ದಾರಿ ಹಿಡಿದಿವೆ. 2021ರಲ್ಲಿ ನಮ್ಮ ಕೃಷಿ ಇಲಾಖೆ ಆರಂಭಿಸಿದ ಕೃಷಿ ಸಂಜೀವಿನಿ ವಾಹನಗಳೂ ಹಾಗೆಯೇ. ರೈತ ಒಣಗಿದ ಎಲೆ ಹಿಡಿದು ತಾಲ್ಲೂಕು ಕೇಂದ್ರಕ್ಕೆ ಅಲೆಯುವ ಬದಲು ಪರೀಕ್ಷೆ ಮಾಡುವವರೇ ಹೊಲದ ಬದುವಿಗೆ ಬರಲಿ ಎಂಬ ಯೋಚನೆ. ಅಲ್ಲಿ ಗಾಡಿ ಉಳಿಸುವುದು ರೈತನ ಒಂದು ದಿನವನ್ನು. ಇದಕ್ಕಿಂತ ಒಳ್ಳೆಯ ಬಳಕೆ ನನಗೆ ಹೊಳೆಯುವುದಿಲ್ಲ.

ಆದರೆ ನಗರದ ಟ್ರಾಫಿಕ್ಕಿನಿಂದ ಪಾರಾಗಲು ಆಫೀಸನ್ನೇ ರಸ್ತೆಗೆ ತರುತ್ತೇವೆ ಎನ್ನುವವರ ಬಗ್ಗೆ ನನಗೆ ನಿಜವಾಗಿ ಚಿಂತೆಯಿದೆ. ಟಾಮ್‌ಟಾಮ್ ಎಂಬ, ಟ್ರಾಫಿಕ್ ಅಳೆಯುವ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕಿತ್ತು. ಕಾರಿನ ಸಮಯ 'ದಂಡವಾಗುವುದಿಲ್ಲ' ಎಂದಾದರೆ ಜನ ಏನು ಮಾಡುತ್ತಾರೆ? ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಸಂಶೋಧಕರು ಇದನ್ನು ಪರೀಕ್ಷಿಸಿದರು. 13 ಜನಕ್ಕೆ ಒಂದು ವಾರ ಪುಕ್ಕಟೆ ಡ್ರೈವರ್ ಕೊಟ್ಟರು, ಸ್ವಯಂಚಾಲಿತ ಕಾರಿನ ಬದಲಿಗೆ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಕಾರುಗಳು ಓಡಿದ ದೂರ ಶೇಕಡಾ 83ರಷ್ಟು ಹೆಚ್ಚಾಯಿತು. ಅದರಲ್ಲಿ ಮಾಲೀಕರಿಲ್ಲದೆ ಕಾರು ಓಡಿದ ದೂರವೂ ಸೇರಿತ್ತು. 13 ಜನ ಎಂದರೆ ಚಿಕ್ಕ ಗುಂಪು ನಿಜ. ಆದರೂ ಜನ ಯಾವ ಕಡೆ ವಾಲುತ್ತಾರೆ ಎಂಬುದಕ್ಕೆ ಅದು ಒಳ್ಳೆಯ ಸೂಚನೆ. ಒಬ್ಬರಿಗಾಗಿ ಒಂದು ವ್ಯಾನಿನಷ್ಟು ರಸ್ತೆ ಹಿಡಿದರೆ ಹಿಂದೆ ಸಿಕ್ಕಿಕೊಳ್ಳುವುದು ಬಿಎಂಟಿಸಿ ಬಸ್ಸು, ಅದರಲ್ಲಿ ನಿಂತಿರುವ ಅರವತ್ತು ಜನ. ನಗರಕ್ಕೆ ಬೇಕಿರುವುದು ಬಸ್ಸಿಗೆ ಬೇರೆ ದಾರಿ, ಹೆಚ್ಚು ಮೆಟ್ರೋ, ಮತ್ತು ಆಗುವವರಿಗೆ ಮನೆಯಿಂದಲೇ ಕೆಲಸ.

ಊರೂರು ತಿರುಗುವ ಕೆಲಸ ನಿಮ್ಮದಾಗಿದ್ದರೆ, ಅಂದರೆ ಜಮೀನು ಸರ್ವೆ, ಕಟ್ಟಡದ ಸೈಟು, ಸಂತೆ ದಿನಗಳಲ್ಲಿ ತೆರಿಗೆ ಅರ್ಜಿ ತುಂಬಿಕೊಡುವುದು, ಕಣ್ಣಿನ ತಪಾಸಣೆ, ಇಂಥದ್ದು ಏನಾದರೂ ಆಗಿದ್ದರೆ, ವ್ಯಾನಿನ ಯೋಚನೆ ಖಂಡಿತ ಮಾಡಿ. ಕೊಳ್ಳುವ ಮೊದಲು ಬಾಡಿಗೆಗೆ ಒಂದು ಗಾಡಿ ಹಿಡಿದು ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲಿ ಕೆಲವು ದಿನ ಅದರೊಳಗೇ ಕೂತು ಕೆಲಸ ಮಾಡಿ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಎಷ್ಟು ಬಿಸಿ, ಬ್ಯಾಟರಿ ಎಷ್ಟು ಉಳಿದಿದೆ, ನಿಲ್ಲಿಸಲು ನೆರಳು ಎಲ್ಲಿ ಸಿಕ್ಕಿತು, ಶೌಚಾಲಯಕ್ಕೆ ಎಷ್ಟು ದೂರ ಹೋಗಬೇಕಾಯಿತು ಎಂದು ದಿನವೂ ಬರೆದಿಡಿ. ಎಂಥ ಗಾಡಿ ಬೇಕು, ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂದು ಅಂಗಡಿಯವರಿಗೆ ಹೇಳಲು ಆ ಪಟ್ಟಿ ಸಾಕು.